ರಕ್ತ ಬಂದಿಲ್ಲ, ಆದರೂ ಇಂಜೆಕ್ಷನ್ ಬೇಕಾ?

ಪ್ರಶ್ನೆ: ಡಾಕ್ಟ್ರೇ, ಬೆಂಗಳೂರಿನಿಂದ ಬಂದ ತಂಗಿ ಮಗನನ್ನು ಗೋಕರ್ಣದ ಕುಡ್ಲೆ ಬೀಚಿಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ನಾಯಿಮರಿ ಜೊತೆ ಆಡುವಾಗ ಅದರ ಹಲ್ಲು ತಾಗಿ ಕೈ ಮೇಲೆ ಗೀರಾಗಿದೆ. ರಕ್ತ ಬಂದಿಲ್ಲ. ಅರಿಶಿನ ಹಚ್ಚಿದ್ದೇವೆ. ಹತ್ತು ದಿನ ಮರಿಯನ್ನು ನೋಡಿ ಆಮೇಲೆ ಇಂಜೆಕ್ಷನ್ ಕೊಡಿಸಿದರೆ ಸಾಕು ಅಂತಾರೆ. ಹೌದಾ?
ಓದುಗರು, ಕುಮಟಾ

ಉತ್ತರ: ನಿಮಗೆ ಫೋನಿನಲ್ಲಿ ಆಗಲೇ ಹೇಳಿದ್ದೇನೆ. ಬೇರೆಯವರಿಗೂ ಬೇಕಾದ ವಿಷಯ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಅಲ್ಲ, ಕಾಯಬೇಡಿ. ರಕ್ತ ಬಾರದ ಗೀರಾದರೂ ರೇಬೀಸ್, ಅಂದರೆ ಹುಚ್ಚುನಾಯಿ ರೋಗದ ಲಸಿಕೆ ಬೇಕೇ ಬೇಕು. ಮೊದಲು ಆ ಅರಿಶಿನ ತೊಳೆಯಿರಿ. ನಲ್ಲಿ ಬಿಟ್ಟು, ಸೋಪು ಹಾಕಿ, ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಬೇಕು. ಸುಮ್ನೆ ನೀರು ಸುರಿದು ಒರೆಸಿಕೊಂಡರೆ ಆಗಲ್ಲ. ವೈರಸ್ ಇರುವುದು ಪ್ರಾಣಿಯ ಜೊಲ್ಲಿನಲ್ಲಿ, ಗಾಯದಲ್ಲೇ ಅದನ್ನು ಆದಷ್ಟು ಕಡಿಮೆ ಮಾಡಲು ನಮ್ಮ ಕೈಲಿರುವ ಮೊದಲ ಉಪಾಯ ಇದೇ. ಆಮೇಲೆ ಸುಣ್ಣ, ಮೆಣಸಿನಪುಡಿ, ಎಣ್ಣೆ, ಸೊಪ್ಪಿನ ರಸ ಯಾವುದೂ ಬೇಡ.

ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಲಸಿಕೆ ಉಚಿತ. ಚರ್ಮದಲ್ಲಿ ಕೊಡುವ ಪದ್ಧತಿಯಾದರೆ ಮೊದಲ ದಿನವನ್ನು 0 ಅಂತ ಲೆಕ್ಕ ಹಿಡಿದು 0, 3, 7, 28ನೇ ದಿನ. ಸ್ನಾಯುವಿಗಾದರೆ 14ನೇ ದಿನವೂ ಸೇರಿ ಐದು. ದೊಡ್ಡವರಿಗೆ ತೋಳಿನಲ್ಲಿ ಕೊಡುತ್ತಾರೆ. ಹೊಟ್ಟೆಗೆ 14 ಚುಚ್ಚುವ ಕಾಲ ಹೋಗಿ ಎರಡು ದಶಕವೇ ಆಯಿತು, ಆದರೂ ಆ ಹೆದರಿಕೆಗೇ ಮಕ್ಕಳನ್ನು ಕರೆತರದವರು ಇದ್ದಾರೆ, ನನಗೆ ಅದು ಬಹಳ ಬೇಸರದ ಸಂಗತಿ. ಹುಡುಗ ಊರಿಗೆ ಹೊರಟರೆ ಚೀಟಿ ಕೊಟ್ಟು ಕಳಿಸಿ, ಉಳಿದ ಡೋಸ್ ಬೆಂಗಳೂರಿನಲ್ಲಿ ಮುಂದುವರಿಯಲಿ.

ಹತ್ತು ದಿನದ ಲೆಕ್ಕ ಪೂರ್ತಿ ಸುಳ್ಳೂ ಅಲ್ಲ. ನಾಯಿ, ಬೆಕ್ಕು ಹತ್ತು ದಿನ ಚೆನ್ನಾಗಿಯೇ ಇದ್ದರೆ ಉಳಿದ ಡೋಸ್ ನಿಲ್ಲಿಸಬಹುದಾ ಅಂತ ಡಾಕ್ಟರನ್ನು ಕೇಳಬಹುದು. ಅದು ಲಸಿಕೆ ಶುರು ಮಾಡಿದ ಮೇಲಿನ ಮಾತು. ಅಲ್ಲದೆ ಬೀಚಿನ ಮರಿಯನ್ನು ದಿನಾ ಹೋಗಿ ಗುರುತು ಹಿಡಿಯುವವರು ಯಾರು?

ರಕ್ತ ಬಂದಿದ್ದರೆ ಲಸಿಕೆಯೊಂದೇ ಸಾಲದು. ಲಸಿಕೆಯಿಂದ ದೇಹದಲ್ಲಿ ರಕ್ಷಣೆ ಹುಟ್ಟಲು ಒಂದೆರಡು ವಾರ ಬೇಕು. ಅಷ್ಟರೊಳಗೆ ವೈರಸ್ ನರಕ್ಕೆ ಸೇರಬಾರದಲ್ವಾ? ಅದಕ್ಕೆ ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಕೊಡುತ್ತಾರೆ, ಜನ ಸೀರಮ್ ಅನ್ನುತ್ತಾರಲ್ಲ, ಅದೇ. ಮೊದಲ ದಿನವೇ ಕೊಡಿಸಿಕೊಳ್ಳುವುದು ಒಳ್ಳೆಯದು. ಆ ದಿನ ಸಿಗದಿದ್ದರೆ ಮೊದಲ ಲಸಿಕೆಯಾಗಿ ಏಳು ದಿನದೊಳಗೆ ಆಗಲೇಬೇಕು.

ಪ್ರಶ್ನೆ: ನಾವು ಗೆಳೆಯರು ಕಾರವಾರದಿಂದ ಲಡಾಖಿಗೆ ಬೈಕಿನಲ್ಲಿ ಹೊರಟಿದ್ದೇವೆ. ಈಗಲೇ ರೇಬೀಸ್ ಇಂಜೆಕ್ಷನ್ ಮಾಡಿಸಿಕೊಂಡರೆ ದಾರಿಯಲ್ಲಿ ನಾಯಿ ಕಚ್ಚಿದರೂ ಆಸ್ಪತ್ರೆಗೆ ಹೋಗೋದು ಬೇಡ ಅಲ್ವಾ?
ಓದುಗರು, ಕಾರವಾರ

ಉತ್ತರ: ಹೋಗಲೇಬೇಕು. ಆದರೂ ಮಾಡಿಸಿಕೊಳ್ಳಿ ಅಂತಲೇ ಹೇಳುತ್ತೇನೆ. ಮೊದಲೇ ಲಸಿಕೆ ಆಗಿದ್ದರೆ ಕಚ್ಚಿದ ಮೇಲೆ 0 ಮತ್ತು 3ನೇ ದಿನ, ಎರಡೇ ಡೋಸ್ ಸಾಕು, ಸೀರಮ್ ಬೇಡ. ಗುಡ್ಡಗಾಡಿನ ಸಣ್ಣ ಆಸ್ಪತ್ರೆಯಲ್ಲಿ ಲಸಿಕೆ ಸಿಕ್ಕರೂ ಸೀರಮ್ ಸಿಗದೆ ಪರದಾಡುವುದು ಜಾಸ್ತಿ, ಆ ಪರದಾಟ ನಿಮಗೆ ತಪ್ಪುತ್ತದೆ. ನಮ್ಮಲ್ಲಿ 0, 7 ಮತ್ತು 21 ಅಥವಾ 28ನೇ ದಿನ ಕೊಡುವುದು ರೂಢಿ. ವಿಶ್ವ ಆರೋಗ್ಯ ಸಂಸ್ಥೆ 2018ರಿಂದ 0 ಮತ್ತು 7 ಸಾಕು ಎನ್ನುತ್ತಿದೆ. ಅಂದರೆ ಹೊರಡುವ ಒಂದು ತಿಂಗಳ ಮೊದಲೇ ಡಾಕ್ಟರನ್ನು ನೋಡಿ, ಚೀಟಿಯ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಎರಡು ದಿನ ಮುರ್ಡೇಶ್ವರ ನೋಡಿ ಬರುವವರಿಗೆಲ್ಲ ಇದು ಬೇಕಿಲ್ಲ. ಮಂಗ ಕಚ್ಚಿದರೂ, ಪರಚಿದರೂ ಇದೇ ಚಿಕಿತ್ಸೆ. ಅಲ್ಲಿ ಹತ್ತು ದಿನದ ಲೆಕ್ಕ ನಡೆಯಲ್ಲ.

ಪ್ರಶ್ನೆ: ನಮ್ಮ ಆಕಳು ಮೇವು ಬಿಟ್ಟು ಜೊಲ್ಲು ಸುರಿಸುತ್ತಿತ್ತು. ಗಂಟಲಿನಲ್ಲಿ ಏನೋ ಸಿಕ್ಕಿದೆ ಅಂತ ಬಾಯೊಳಗೆ ಕೈ ಹಾಕಿ ನೋಡಿದೆ. ಕಳೆದ ವಾರ ಸತ್ತುಹೋಯಿತು. ಅದಕ್ಕೆ ಹಿಂದೆ ನಾಯಿ ಕಚ್ಚಿತ್ತು ಅಂತ ಈಗ ಗೊತ್ತಾಗಿದೆ. ಮನೆಯವರೆಲ್ಲ ಹಾಲು ಕುಡಿದಿದ್ದೇವೆ.
ಓದುಗರು, ಶಿರಸಿ

ಉತ್ತರ: ಇವತ್ತೇ ಹೋಗಿ. ತಡವಾಯಿತು ಅಂತ ಕೈಬಿಡಬೇಡಿ, ಈ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು, ಕೆಲವೊಮ್ಮೆ ಒಂದೇ ವಾರ, ಕೆಲವೊಮ್ಮೆ ವರ್ಷವೂ ಆಗಬಹುದು. ಲಕ್ಷಣ ಶುರುವಾದ ಮೇಲೆ ಮಾತ್ರ ಉಳಿಸಿಕೊಳ್ಳುವುದು ಹೆಚ್ಚುಕಡಿಮೆ ಅಸಾಧ್ಯ. ಅಡಿಕೆ ಸುಲಿಯುವ ಕೈಯಲ್ಲಿ ಸಣ್ಣ ಕೊಯ್ತ ಇದ್ದೇ ಇರುತ್ತದೆ. ಕೊಯ್ತದ ಮೇಲೆ ಜೊಲ್ಲು ಬಿದ್ದರೆ ಅದು ರಕ್ತ ಬಂದ ಕಡಿತಕ್ಕೆ ಸಮ, ಲಸಿಕೆಯೂ ಸೀರಮ್ಮೂ ಎರಡೂ ಬೇಕು. ಕಾಯಿಸಿದ ಹಾಲು ಕುಡಿದವರಿಗೆ ಏನೂ ಬೇಡ. ಹಸಿ ಹಾಲು ಕುಡಿದವರಿದ್ದರೆ ಡಾಕ್ಟರಿಗೆ ಹೇಳಿ. ಕೊಟ್ಟಿಗೆಯ ಉಳಿದ ದನಗಳ ಬಗ್ಗೆ ಪಶುವೈದ್ಯರಿಗೆ ತಿಳಿಸಿ. ಆಕಳಿಗೆ ಗೊಟ್ಟದಲ್ಲಿ ಔಷಧಿ ಕುಡಿಸಲು ಬಾಯಿ ಹಿಡಿದವರು, ಜೊಲ್ಲು ಒರೆಸಿದ ಕೆಲಸದವರು ಯಾರಾದರೂ ಇದ್ದರೆ ಅವರನ್ನೂ ನಿಮ್ಮ ಜೊತೆಗೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.