ಓದುಗರ ಪ್ರಶ್ನೆ: ‘ಗೆಟ್’ ಕ್ರಿಯಾಪದದ ಬಳಕೆ

ಪ್ರಶ್ನೆ: ನಾನು ವಿದ್ಯಾನಗರದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಮನೆಪಾಠ ಹೇಳುತ್ತೇನೆ. ಇಂಗ್ಲಿಷಿನ ‘ಗೆಟ್’ ಎಂದರೆ ‘ಪಡೆ’ ಎಂದು ಬರೆಸಿದ್ದೇನೆ. ಆದರೆ ‘ಇಟ್ ಈಸ್ ಗೆಟಿಂಗ್ ಡಾರ್ಕ್’, ‘ಐ ಗಾಟ್ ಮೈ ಸೈಕಲ್ ರಿಪೇರ್ಡ್’ ಎಂಬಲ್ಲಿ ಆ ಅರ್ಥ ಕೂಡುವುದಿಲ್ಲ. ನಿದ್ದೆ ಬರುತ್ತಿದೆ ಎನ್ನಲು ಮಕ್ಕಳು ‘ಐ ಆಮ್ ಗೆಟಿಂಗ್ ಸ್ಲೀಪ್’ ಎನ್ನುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ‘ಗೆಟ್’ನ ಅರ್ಥವನ್ನು ಅದರ ಮುಂದೆ ಬರುವ ಪದ ನಿರ್ಧರಿಸುತ್ತದೆ. ನಾಮಪದ ಬಂದರೆ ಸಿಗುವುದು, ಬರುವುದು ಅಥವಾ ತರುವುದು: ‘ಐ ಗಾಟ್ ಎ ಲೆಟರ್’ ಎಂದರೆ ನನಗೆ ಕಾಗದ ಬಂತು. (‘ಕಾಗದವನ್ನು ಪಡೆದೆನು’ ಎಂದು ನಮ್ಮ ಊರುಗಳಲ್ಲಿ ಯಾರೂ ಮಾತನಾಡುವುದಿಲ್ಲ.) ವಿಶೇಷಣ ಬಂದರೆ ‘ಆಗು’: ಕತ್ತಲಾಗುತ್ತಿದೆ.

ಸೈಕಲ್ಲಿನ ವಾಕ್ಯವನ್ನು ನಿಧಾನವಾಗಿ ಕಲಿಸಬೇಕು. ‘ಐ ರಿಪೇರ್ಡ್ ಮೈ ಸೈಕಲ್’ ಎಂದರೆ ನಾನೇ ಪಾನಾ ಹಿಡಿದು ರಿಪೇರಿ ಮಾಡಿದೆ ಎಂದಾಗುತ್ತದೆ. ಅಂಗಡಿಯಲ್ಲಿ ಮಾಡಿಸಿದ್ದರೆ ‘ಗಾಟ್ ಮೈ ಸೈಕಲ್ ರಿಪೇರ್ಡ್’ ಎನ್ನಬೇಕು. ಕನ್ನಡವು ‘ಇಸು’ ಪ್ರತ್ಯಯವೊಂದರಿಂದಲೇ ಮಾಡಿಸು, ಹೊಲಿಸು, ಬರೆಸು ಎಂದು ಮುಗಿಸುವ ಕೆಲಸಕ್ಕೆ ಇಂಗ್ಲಿಷು ‘ಗೆಟ್’, ವಸ್ತು, ಕ್ರಿಯಾಪದದ ಮೂರನೆಯ ರೂಪ ಎಂಬ ಕ್ರಮವನ್ನು ಬಳಸುತ್ತದೆ. ಮಾಡಿದವರನ್ನು ಹೆಸರಿಸುವಾಗ ಮಾತ್ರ ‘ಟು’ ಸೇರುತ್ತದೆ: ‘ಐ ಗಾಟ್ ದಿ ಟೇಲರ್ ಟು ಸ್ಟಿಚ್ ಇಟ್’, ಅಂದರೆ ದರ್ಜಿಯ ಕೈಲಿ ಹೊಲಿಸಿದೆ. ಇಲ್ಲಿ ‘ಮೇಡ್’ ಎಂದರೆ ಒತ್ತಾಯದಿಂದ ಹೊಲಿಸಿದ ಧ್ವನಿ ಬರುತ್ತದೆ.

‘ಐ ಆಮ್ ಗೆಟಿಂಗ್ ಸ್ಲೀಪ್’ ಸರಿಯಲ್ಲ. ‘ಗೆಟಿಂಗ್ ಸ್ಲೀಪಿ’ ಅಥವಾ ‘ಐ ಆಮ್ ಸ್ಲೀಪಿ’ ಎನ್ನಿಸಿರಿ. ನಮ್ಮಲ್ಲಿ ನಿದ್ದೆ, ಸಿಟ್ಟು, ಅನುಮಾನ ಎಲ್ಲವೂ ‘ನನಗೆ’ ಬರುತ್ತವೆಯಾದ್ದರಿಂದ ಮಕ್ಕಳು ಆ ‘ಬರು’ವಿನ ಜಾಗದಲ್ಲೆಲ್ಲ ‘ಗೆಟ್’ ಇಡುತ್ತಾರೆ. ತಲೆನೋವಿಗೆ ‘ಗೆಟ್ ಎ ಹೆಡೇಕ್’ ಒಪ್ಪುತ್ತದೆ, ಅನುಮಾನಕ್ಕೆ ‘ಐ ಹ್ಯಾವ್ ಎ ಡೌಟ್’ ಎನ್ನುವುದೇ ಸರಿ. ‘ಐ ಗಾಟ್ ಸಮ್ ಸ್ಲೀಪ್’ ಎಂಬ ವಾಕ್ಯವೂ ಇದೆ, ಆದರೆ ಅದರ ಅರ್ಥ ಸ್ವಲ್ಪ ನಿದ್ದೆ ಮಾಡಿದೆ ಎಂದು.

ಮಕ್ಕಳು ಮುಂದೆ ಕೇಳಬಹುದಾದ ಇನ್ನೊಂದು ಸಂಗತಿ: ಹರಿಹರದಲ್ಲಿ ಬಸ್ಸಿಳಿಯುವುದನ್ನು ನಾವು ‘ಗೆಟ್ ಡೌನ್’ ಎನ್ನುತ್ತೇವೆ. ಇದು ಭಾರತದಲ್ಲಿ ರೂಢಿಯಾದ ಇಂಗ್ಲಿಷು, ಕಂಡಕ್ಟರನ್ನು ತಿದ್ದಬೇಕಾಗಿಲ್ಲ. ಪರೀಕ್ಷೆಯಲ್ಲಿ ಮಾತ್ರ ಬಸ್ಸಿಗೆ, ರೈಲಿಗೆ ‘ಗೆಟ್ ಆಫ್’, ಕಾರಿಗೆ, ಆಟೋಗೆ ‘ಗೆಟ್ ಔಟ್ ಆಫ್’ ಎಂದು ಬರೆಸಿರಿ.