ಗಂಡಸರು ಕಿವಿ ಚುಚ್ಚಿಸಿಕೊಳ್ಳುವುದು ವಿದೇಶಿ ಶೋಕಿಯೇ?

ಎರಡೂ ಕಿವಿ ಚುಚ್ಚಿಸಿಕೊಳ್ಳಬೇಕೆಂದಿದ್ದೀರಿ. ಅದು ಹೆಂಗಸರ ಅಲಂಕಾರ, ಹೊರದೇಶದ ಶೋಕಿ ಎಂದು ನಿಮ್ಮ ತಂದೆ ಬೇಡವೆನ್ನುತ್ತಿದ್ದಾರೆ. ಅವರ ಮಾತು ನಿಜವೇ ಎಂಬುದು ನಿಮ್ಮ ಪ್ರಶ್ನೆ.

ನಿಜವಲ್ಲ. ನಮ್ಮ ನಾಡಿಗೆ ಹೊಸದಾಗಿ ಬಂದದ್ದು ಗಂಡಸಿನ ಬರಿಗಿವಿ.

ಕರ್ಣವೇಧ, ಅಂದರೆ ಕಿವಿ ಚುಚ್ಚುವ ಶಾಸ್ತ್ರ, ಹಿಂದೂಗಳ ಷೋಡಶ (ಹದಿನಾರು) ಸಂಸ್ಕಾರಗಳಲ್ಲಿ ಒಂದು. ಹಳೆಯ ಮೈಸೂರಿನ ಕಡೆ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ, ಅಕ್ಕಸಾಲಿಗರು ಚೂಪಾದ ಚಿನ್ನದ ತಂತಿಯನ್ನು ಕಿವಿಯ ಹಾಲೆಯಲ್ಲಿ ತೂರಿಸಿ, ಅಲ್ಲೇ ಬಗ್ಗಿಸಿ ಉಂಗುರ ಮಾಡಿಬಿಡುತ್ತಿದ್ದರು. ಮೇಲೆ ಅರಿಸಿನ, ಕೊಬ್ಬರಿ ಎಣ್ಣೆ. ಅಳುವ ಬಾಯಿಗೆ ಬೆಲ್ಲ. ರೈತನಾಗಿದ್ದ ನನ್ನ ತಾತನ ಕಿವಿಯಲ್ಲಿ ಕೊನೆಯವರೆಗೂ ‘ಒಂಟಿ’ ಎಂಬ ಗಂಡಸರ ಓಲೆ ಇತ್ತು. ನೇಗಿಲು ಹಿಡಿದಾಗಲೂ ಅದನ್ನು ತೆಗೆದವರಲ್ಲ, ಅವರ ಗಂಡಸುತನವನ್ನು ಯಾರೂ ಅನುಮಾನಿಸಲೂ ಇಲ್ಲ. ವೈದಿಕರ ಮನೆಯ ಗಂಡಸರ ಕಿವಿಯಲ್ಲಿ ಹತ್ತಕಡಕು ಎಂಬ ಒಡವೆ ಇರುತ್ತಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಚಿತ್ರಪಟಗಳಲ್ಲಿ ಕಿವಿಯತ್ತ ಒಮ್ಮೆ ಕಣ್ಣು ಹಾಯಿಸಿ.

ಗಂಡುಮಕ್ಕಳಿಗೆ ಮೂಗು ಚುಚ್ಚಿಸುತ್ತಿದ್ದದ್ದೂ ಉಂಟು. ಹುಟ್ಟಿದ ಕೂಸುಗಳು ಒಂದೊಂದಾಗಿ ತೀರಿಕೊಂಡ ಮನೆಯಲ್ಲಿ, ಆಮೇಲೆ ಹುಟ್ಟಿದ ಮಗನಾದರೂ ಉಳಿಯಲಿ, ಹೆಣ್ಣೆಂದುಕೊಂಡು ಸಾವು ಕೈಬಿಡಲಿ ಎಂದು ಮೂಗುಬೊಟ್ಟು ಇಡಿಸುತ್ತಿದ್ದರು. ಅದರ ಹಿಂದಿನ ತಾಯ ಸಂಕಟವನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ಕಿವುಚುತ್ತದೆ.

ಅರ್ಥ ಹೇಗೆ ಬದಲಾಗುತ್ತದೆ ಎಂಬುದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಮೊಘಲ್ ದೊರೆ ಜಹಾಂಗೀರನದು. 1614ರಲ್ಲಿ ಕಾಯಿಲೆಯಿಂದ ಚೇತರಿಸಿಕೊಂಡ ಬಾದಶಹ, ಅಜ್ಮೇರದ ಸೂಫಿ ಸಂತ ಖ್ವಾಜಾ ಮುಯಿನುದ್ದೀನ್ ಚಿಷ್ತಿಯವರ ದಾಸ ತಾನೆಂದು ತೋರಿಸಲು ಕಿವಿ ಚುಚ್ಚಿಸಿಕೊಂಡು ಮುತ್ತು ತೊಟ್ಟ. ಆಸ್ಥಾನದವರೂ ಅವನ ಹಿಂದೆಯೇ ಚುಚ್ಚಿಸಿಕೊಂಡರು. ಗುಲಾಮನ ಗುರುತು ದೊರೆಗಳ ಗತ್ತಾಯಿತು! ಅತ್ತ ಇಂಗ್ಲೆಂಡಿನ ಒಂದನೆಯ ಚಾರ್ಲ್ಸ್ 1649ರಲ್ಲಿ ಶಿರಚ್ಛೇದಕ್ಕೆ ನಡೆದಾಗಲೂ ಅವನ ಕಿವಿಯಲ್ಲಿ ಮುತ್ತಿತ್ತು.

ಮುಂದೆ ಯುರೋಪಿನ ಗಂಡಸರು ಒಡವೆಗಳನ್ನು ಬಿಟ್ಟು ಕಪ್ಪು ಕೋಟು ಹಿಡಿದರು. ಅವರ ಶಾಲೆಯಲ್ಲಿ ಓದಿ, ಅವರ ಕಚೇರಿ ಸೇರಿದ ನಮ್ಮವರೂ ಜುಟ್ಟು ಕತ್ತರಿಸಿ ಕ್ರಾಪು ಬಿಟ್ಟರು, ಒಂಟಿ ಪೆಟ್ಟಿಗೆ ಸೇರಿತು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಬರಿಗಿವಿಯೇ ಗಂಡಸಿನ ಲಕ್ಷಣವೆಂಬ ನಂಬಿಕೆ ಬೇರೂರಿತು. ಹಾಗಾಗಿ ರಾಕ್ ಸಂಗೀತಗಾರರ, ಸಿನಿಮಾ ನಟರ ಕಿವಿಯಲ್ಲಿ ಓಲೆ ಮರಳಿ ಬಂದಾಗ ನಿಮ್ಮ ತಂದೆಯ ಓರಗೆಯವರಿಗೆ ಅದು ಪರದೇಶಿಯಾಗಿ ಕಂಡದ್ದು ಸಹಜ. ಬಲಗಿವಿಗೆ ಮಾತ್ರ ಹಾಕಿದವನು ಸಲಿಂಗಿ ಎಂಬ ಮಾತೂ ಅಮೆರಿಕದ ಕಡೆಯಿಂದಲೇ ಬಂತು. ಇಂದು ಎರಡೂ ಕಿವಿಗೆ ವಜ್ರ ತೊಡುವ ಹಾರ್ದಿಕ್ ಪಾಂಡ್ಯನನ್ನು ನೋಡಿ ಬೆಳೆದ ಹುಡುಗರಿಗೆ ಆ ಲೆಕ್ಕ ಬೇಕಿಲ್ಲ. ಇನ್ನು ಹೆಂಗಸರ ಅಲಂಕಾರವೆಂಬ ಆಕ್ಷೇಪ: ಹಾಗೆಯೇ ಆಗಿದ್ದರೂ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಚುಚ್ಚಿಸಿಕೊಳ್ಳುವುದಾದರೆ ಕಿವಿ ಚುಚ್ಚುವ ಗನ್ ಬೇಡ; ಹೊಸ ಸೂಜಿ ಬಳಸುವ, ಕೈ ಪಳಗಿದವರ ಬಳಿಗೆ ಹೋಗಿ. ನಿಕ್ಕಲ್ ಬೆರೆತ ಅಗ್ಗದ ಓಲೆಯಿಂದ ಅಲರ್ಜಿಯಾಗಬಹುದು, ಟೈಟೇನಿಯಂ ಒಳ್ಳೆಯದು. ಹಾಲೆಯ ಗಾಯ ಸಾಮಾನ್ಯವಾಗಿ 6ರಿಂದ 8 ವಾರಗಳಲ್ಲಿ ಮಾಯುತ್ತದೆ. ಮೇಲ್ಗಿವಿಯ ಮೃದ್ವಸ್ಥಿಗೆ ಹಲವು ತಿಂಗಳು ಬೇಕು. ಅಲ್ಲಿ ಕೀವಾದರೆ ಕಿವಿಯ ಆಕಾರವೇ ಕೆಡಬಹುದು, ತಡಮಾಡದೆ ವೈದ್ಯರಿಗೆ ತೋರಿಸಿ.