ಕೆಟ್ಟದ್ದನ್ನು ಸರಿಮಾಡದೆ ವಿಮಾನ ಹಾರಿಸಬಹುದೇ?

ಪ್ರಶ್ನೆ: ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟಾಗ ವಿಮಾನದ ಎಪಿಯು ಕೆಟ್ಟೈತಿ ಅಂದ್ರು. ರಿಪೇರಿ ಮಾಡಲಿಲ್ಲ, ಚೀಟಿ ಅಂಟಿಸಿ ಹಾರಿದ್ರು. ಇದು ಸರೀನಾ?
– ಒಬ್ಬ ಓದುಗರು, ನವನಗರ

ಉತ್ತರ: ಸರಿ. ಯಾವ್ಯಾವ ಭಾಗ ಕೆಟ್ಟಿದ್ದರೆ ಹಾರಬಹುದು, ಯಾವ ಷರತ್ತಿಗೆ ಎಂಬುದು ‘ಎಂಇಎಲ್’ (ಕನಿಷ್ಠ ಸಲಕರಣೆ ಪಟ್ಟಿ) ಎಂಬ ಪಟ್ಟಿಯಲ್ಲಿದೆ. ಮೊದಲು ಕಂಪ್ಯೂಟರ್ ರೀಸೆಟ್ ಮಾಡಿ ನೋಡುತ್ತಾರೆ. ಎಷ್ಟೋ ದೋಷ ಅಲ್ಲೇ ಮಾಯ. ಹೋಗದಿದ್ದರೆ ಎಂಜಿನಿಯರ್ ಪಟ್ಟಿ ನೋಡಿ, ಆ ಭಾಗವನ್ನು ಬಂದ್ ಮಾಡಿ, ಕೆಟ್ಟಿದೆ ಎಂಬ ಚೀಟಿ ಅಂಟಿಸಿ, ಟೆಕ್ ಲಾಗ್‌ನಲ್ಲಿ (ವಿಮಾನದ ದೋಷ ಬರೆಯುವ ಪುಸ್ತಕ) ಬರೆದು ಸಹಿ ಹಾಕುತ್ತಾರೆ. ರಿಪೇರಿಗೆ ಪಟ್ಟಿಯ ‘ಬಿ’ ವರ್ಗದ ದೋಷಕ್ಕೆ 3 ದಿನ, ‘ಸಿ’ಗೆ 10, ‘ಡಿ’ಗೆ 120 ದಿನ ಗಡುವು, ದೋಷ ಬರೆದ ದಿನ ಲೆಕ್ಕಕ್ಕಿಲ್ಲ.

ಎಪಿಯು ಬಾಲದಲ್ಲಿರುವ ಪುಟ್ಟ ಎಂಜಿನ್. ನೆಲದಲ್ಲಿ ಕರೆಂಟ್, ಎಸಿ ಕೊಡುವುದಲ್ಲದೆ ದೊಡ್ಡ ಎಂಜಿನ್ ತಿರುಗಿಸಲು ಒತ್ತಡದ ಗಾಳಿಯನ್ನೂ ಕೊಡುತ್ತದೆ. ಅದಿಲ್ಲದಿದ್ದರೆ ಹೊರಗಿನ ಗಾಳಿಯಂತ್ರದಿಂದ ಒಂದು ಎಂಜಿನ್ ಶುರು ಮಾಡಿ, ಅದರ ಗಾಳಿಯಿಂದ ಇನ್ನೊಂದನ್ನು ಶುರು ಮಾಡುತ್ತಾರೆ. ಎಪಿಯು ಕೆಟ್ಟು ನೆಲದಲ್ಲಿ ಅದರ ಎಸಿ ಸಿಗದಿದ್ದರಿಂದಲೇ ಏಪ್ರಿಲ್ ಬಿಸಿಲಲ್ಲಿ ಒಳಗೆ ಬೇಯುವುದು. (ಎಟಿಆರ್ ಎಂಬ ಪಂಖದ ಸಣ್ಣ ವಿಮಾನದಲ್ಲಿ ಎಪಿಯು ಇಲ್ಲವೇ ಇಲ್ಲ, ಬಲ ಎಂಜಿನ್ನನ್ನು ಪಂಖಕ್ಕೆ ಬ್ರೇಕ್ ಹಾಕಿ ಓಡಿಸುತ್ತಾರೆ.)

ಟೈರ್ ಸವೆದು ಒಳನೂಲು ಮಿತಿ ಮೀರಿ ಕಂಡರೆ ಮಾತ್ರ ಚೀಟಿ ನಡೆಯದು, ಚಕ್ರವನ್ನೇ ಬದಲಿಸಬೇಕು. ಬದಲಿಸಲು ಹೊತ್ತು ಹಿಡಿಯದು. ಬದಲಿ ಚಕ್ರ ಹುಬ್ಬಳ್ಳಿಯಲ್ಲಿ ಇಲ್ಲದಿದ್ದರೆ ಮುಂದಿನ ವಿಮಾನದಲ್ಲಿ ಅಥವಾ 400 ಕಿ.ಮೀ. ರಸ್ತೆಯಲ್ಲಿ ಬೆಂಗಳೂರಿನಿಂದ ಬರಬೇಕು. ಪಟ್ಟಿ ಒಪ್ಪಿದರೂ, ದಾರಿಯಲ್ಲಿ ಮೋಡ ಗುಡುಗು ಇದ್ದು ಕೆಟ್ಟದ್ದು ಹವಾಮಾನ ರಾಡಾರ್ ಆಗಿದ್ದರೆ, ಒಲ್ಲೆ ಎನ್ನುವ ಹಕ್ಕು ಕ್ಯಾಪ್ಟನ್‌ಗಿದೆ.